ಬಿಸಿಲಿಗೆ ಚಪ್ಪರ, ಮಳೆಗೆ ಮಾಡು

ಮಳೆಗಾಲದಲ್ಲಿ ಬಯಲಿನಲ್ಲಿ ಬೀಡುಬಿಡಬೇಕಾಗಿ ಬಂದಾಗ ಒಂದು ಟಾರ್ಪಾಲಿನ್ ಹಾಳೆಯನ್ನು ನಾಲ್ಕು ಗೂಟಗಳ ತಲೆಗೆ ಬಿಗಿದು ಕಟ್ಟಿದರೆ ಮಳೆಗೆ ಮರೆಯಾಯಿತೆಂದು ನಂಬಿರುವವರು ನಮ್ಮಲ್ಲಿ ಬಹು ಮಂದಿ. ರಾತ್ರಿ ಹಾಳೆ ಸೋರಿದರೆ ದೋಷವೆಲ್ಲವೂ ಹಾಳೆಯದೇ ಎಂದು ತೀರ್ಮಾನಿಸಿ, ಮುಂದಿನ ಸಲ ಇನ್ನೂ ದಪ್ಪನಾದುದನ್ನು ಕೊಂಡುತರುವರು. ಅದೂ ಸೋರುವುದು. ಮಳೆಯನ್ನು ದೂರವಿಡುವ ಕೆಲಸದಲ್ಲಿ ಹಾಳೆಯ ದಪ್ಪಕ್ಕಿಂತ ಅದರ ಇಳಿಜಾರಿನ ಪಾಲು ಬಹಳ ಹೆಚ್ಚಿನದೆಂಬುದು ನಮ್ಮ ಅಭಿಪ್ರಾಯ. ಇದನ್ನು ನಮ್ಮ ಪ್ರೌಢಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ಪುಸ್ತಕದಲ್ಲಿ ಓದಿದರೆ ಸಾಲದು, ಗೂಟ ಹಗ್ಗ ಹಿಡಿದು ಕಲಿಯತಕ್ಕದ್ದೆಂಬುದೂ ನಮ್ಮ ಅಭಿಪ್ರಾಯವೇ ಆಗಿದೆ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಮಾತೇಕೆ ಎಂದು ಓದುಗರು ಕೇಳಬಹುದು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನಲ್ಲಿ ಚನ್ನರಾಯಪಟ್ಟಣವೆಂಬ ಹೋಬಳಿಯ ಊರಿದೆ. (ಹಾಸನ ಜಿಲ್ಲೆಯಲ್ಲಿ ಇದೇ ಹೆಸರಿನ ತಾಲ್ಲೂಕು ಕೇಂದ್ರವಿದ್ದು, ಅದೇ ಹೆಚ್ಚು ಪ್ರಸಿದ್ಧ, ನಾವು ಹೇಳುತ್ತಿರುವುದು ಆ ಊರನ್ನಲ್ಲ.) ರಾಗಿ, ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿಗಳನ್ನು ಬೆಳೆಯುವ ಸೀಮೆ ಅದು. ಈ ಹೋಬಳಿಯ 13 ಹಳ್ಳಿಗಳ ರೈತರು, ಕೈಗಾರಿಕೆಗಾಗಿ ತಮ್ಮ 1,777 ಎಕರೆ ಜಮೀನನ್ನು ಸ್ವಾಧೀನಪಡಿಸಿಕೊಳ್ಳುವುದನ್ನು ವಿರೋಧಿಸಿ 2022ರ ಏಪ್ರಿಲ್ 4ರಂದು ಧರಣಿಗೆ ಕುಳಿತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಕೈಬಿಟ್ಟುದಾಗಿ ಪ್ರಕಟಿಸುವ ವೇಳೆಗೆ 1,198 ದಿನಗಳು ಕಳೆದಿದ್ದವು. ಆ ಹೋರಾಟದ ನ್ಯಾಯಾನ್ಯಾಯಗಳ ವಿಮರ್ಶೆ ವಿಜ್ಞಾನ ಪತ್ರಿಕೆಯ ಕೆಲಸವಲ್ಲ. ಆದರೆ 1,198 ದಿನಗಳೆಂದರೆ ಮೂರು ಪೂರ್ಣ ಮುಂಗಾರು, ಮೂರು ಹಿಂಗಾರು, ನಾಲ್ಕನೆಯ ಮುಂಗಾರಿನ ಆರಂಭ. ಅದರೊಳಗೆ 2022ರ ಸೆಪ್ಟೆಂಬರ್ 5ರ ಬೆಳಿಗ್ಗೆ ಮುಗಿದ ದಿನವೂ ಸೇರಿತ್ತು. ಅಂದು ಬೆಂಗಳೂರು ನಗರದಲ್ಲಿ 24 ಗಂಟೆಗಳಲ್ಲಿ 131.6 ಮಿಲಿಮೀಟರ್ ಮಳೆ ದಾಖಲಾಯಿತು. ಬಿಡಾರದಲ್ಲಿ ನಲಿಯಲು ಹೋದ ಹುಡುಗರು ಮಳೆ ಬಂದರೆ ಎದ್ದು ಮನೆಗೆ ಓಡಬಹುದು. ಧರಣಿ ಕುಳಿತವರಿಗೆ ಆ ಸೌಕರ್ಯವಿಲ್ಲ. ದೊಡ್ಡ ಕಟ್ಟಡಗಳ ಪಕ್ಕದಲ್ಲಿ ನೀಲಿ ಹಾಳೆಯ ಕೆಳಗೆ ಮಕ್ಕಳನ್ನು ಮಲಗಿಸುವ ಕೂಲಿಯವರಿಗೂ ಇಲ್ಲ, ಹೊಲದಲ್ಲಿ ಒಟ್ಟಿದ ರಾಗಿಯ ಮೆದೆಗಂತೂ ಮೊದಲೇ ಇಲ್ಲ. ಹೀಗಿರಲು, ಒಂದು ಹಾಳೆಯನ್ನು ಸರಿಯಾಗಿ ಕಟ್ಟುವ ವಿದ್ಯೆ ಸಣ್ಣದೆಂದು ನಮಗೆ ತೋರುವುದಿಲ್ಲ.

ನಮ್ಮ ಜನ ಹಾಳೆಯನ್ನು ಚಪ್ಪಟೆಯಾಗಿ ಕಟ್ಟುವುದೇಕೆ? ಇದಕ್ಕೆ ಬಯಲುಸೀಮೆಯ ಕಣ್ಣಿನ ಅಭ್ಯಾಸವೇ ಕಾರಣವೆಂದು ನಾವು ಊಹಿಸಿದ್ದೇವೆ. ದೇವನಹಳ್ಳಿಯ ಸುತ್ತಮುತ್ತ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್. ಆಗುಂಬೆಯಲ್ಲಾದರೋ 7,000 ಮಿಲಿಮೀಟರಿಗೂ ಮೀರುವುದು. ಮಲೆನಾಡಿನ ಮಗು ಕಣ್ಣುಬಿಟ್ಟಾಗಿನಿಂದ ಕಡಿದಾದ ಹುಲ್ಲಿನ ಮಾಡನ್ನೋ ಹಂಚಿನ ಮಾಡನ್ನೋ ನೋಡಿ ಬೆಳೆಯುವುದು. ಬಯಲುಸೀಮೆಯ ಹಳೆಯ ಮನೆಗಳಾದರೋ ತೊಲೆಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆಗಳು. ಹೊಸ ಮನೆಗಳು ಕಾಂಕ್ರೀಟಿನ ತಾರಸಿಗಳು. ಎರಡೂ ಚಪ್ಪಟೆ. ಮದುವೆಗೆ ಹಾಕುವ ತೆಂಗಿನ ಗರಿಯ ಚಪ್ಪರವೂ ಚಪ್ಪಟೆಯೇ. ಅದು ಬಿಸಿಲನ್ನು ತಡೆಯಲು ಹುಟ್ಟಿದ್ದು. ಗಾಳಿಯಾಡಲೆಂದು ಸಂದುಗಳನ್ನು ಬಿಟ್ಟೇ ಅದನ್ನು ಹೆಣೆಯುವರು. ಕನ್ನಡದಲ್ಲಿ ಚಪ್ಪರವೆಂದೂ ಮಾಡೆಂದೂ ಎರಡು ಮಾತುಗಳಿರುವುದು ಸುಮ್ಮನೆ ಅಲ್ಲ. ಟಾರ್ಪಾಲಿನ್ ಕೈಗೆ ಬಂದೊಡನೆ ನಾವು ಮಾಡಿನ ಕೆಲಸವನ್ನು ಚಪ್ಪರದ ಆಕಾರಕ್ಕೆ ಒಪ್ಪಿಸಿಬಿಟ್ಟೆವು.

ಮಣ್ಣಿನ ಮಾಳಿಗೆ ಚಪ್ಪಟೆಯಾಗಿಯೇ ನೂರು ವರ್ಷ ನಿಲ್ಲಲಿಲ್ಲವೆ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಂತಿತು, ನಿಜ. ಆದರೆ ಅದರ ಕೆಳಗೆ ಬಾಗದ ತೊಲೆಗಳಿದ್ದವು. ಮೇಲೆ, ನೀರು ದೋಣಿಯ ಕಡೆಗೆ ಹರಿಯುವಂತೆ ಬಲ್ಲವರು ಕೊಟ್ಟ ಸಣ್ಣ ಓಟವಿತ್ತು. ಹಾಳೆಗೆ ತೊಲೆಯಿಲ್ಲ. ಅದು ಬಾಗುವ ವಸ್ತು. ಬಾಗುವ ವಸ್ತುವನ್ನು ಚಪ್ಪಟೆಯಾಗಿ ನಿಲ್ಲಿಸಲು ಸಾಧ್ಯವೇ ಇಲ್ಲವೆಂಬುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಹಿತ್ತಲಿನಲ್ಲಿ ಕಾಣಬಹುದು. ಬಟ್ಟೆ ಒಣಗಿಸುವ ಹಗ್ಗವನ್ನು ಎಷ್ಟೇ ಬಿಗಿದು ಕಟ್ಟಿ, ಒಂದು ಒದ್ದೆ ಹಚ್ಚಡವನ್ನು ಹರವಿದೊಡನೆ ಅದು ಜಗ್ಗುವುದು. ಏಕೆಂದರೆ ಹಗ್ಗದ ಎಳೆತ ಹಗ್ಗದ ಉದ್ದಕ್ಕೆ ಮಾತ್ರ ವರ್ತಿಸಬಲ್ಲದು. ಹಗ್ಗ ಪೂರ್ಣವಾಗಿ ಸಮತಲದಲ್ಲಿದ್ದರೆ ಆ ಎಳೆತಕ್ಕೆ ಮೇಲ್ಮುಖವಾದ ಘಟಕವೇ ಇರದು. ಭಾರವನ್ನು ಹೊರುವವರು ಯಾರು? ಆದುದರಿಂದ ಹಗ್ಗ ಸ್ವಲ್ಪ ಜಗ್ಗಿ, ಓರೆಯಾಗಿ, ಆ ಓರೆಯಿಂದ ಮೇಲ್ಮುಖದ ಬಲವನ್ನು ಪಡೆಯಲೇಬೇಕು.

ಇದನ್ನು ಅಂಕಿಗಳಲ್ಲಿ ನೋಡೋಣ. 5 ಮೀಟರ್ ಅಂತರದ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ, ಅದರ ನಡುಮಧ್ಯಕ್ಕೆ ನೀರು ತುಂಬಿದ, 20 ಕಿಲೋಗ್ರಾಂ ತೂಗುವ ಕೊಡವೊಂದನ್ನು ತೂಗುಹಾಕಿದೆವೆಂದು ಭಾವಿಸಿರಿ. ಹಗ್ಗದ ನಡು 50 ಸೆಂಟಿಮೀಟರ್ ಕೆಳಗಿಳಿದರೆ ಹಗ್ಗದಲ್ಲಿನ ಎಳೆತ ಸುಮಾರು 51 ಕಿಲೋಗ್ರಾಂ ತೂಕದಷ್ಟು. (ಪರೀಕ್ಷೆಯಲ್ಲಿ ಇದನ್ನು ನ್ಯೂಟನ್‌ಗಳಲ್ಲಿ ಬರೆಯತಕ್ಕದ್ದು, ಇಲ್ಲಿ ಕಲ್ಪನೆಗೆ ಸುಲಭವಾಗಲೆಂದು ತೂಕದಲ್ಲಿ ಹೇಳಿದ್ದೇವೆ.) ಇನ್ನೂ ಬಿಗಿದು 20 ಸೆಂಟಿಮೀಟರ್ ಮಾತ್ರ ಜಗ್ಗುವಂತೆ ಮಾಡಿದರೆ ಎಳೆತ 125 ಕಿಲೋಗ್ರಾಮಿಗೆ ಏರುವುದು. 10 ಸೆಂಟಿಮೀಟರ್ ಸಾಕೆಂದರೆ 250. ಸ್ವಲ್ಪವೂ ಜಗ್ಗಬಾರದೆಂದು ಹಟ ಹಿಡಿದರೆ ಎಳೆತ ಅನಂತವಾಗಬೇಕು. ಯಾವ ಜಟ್ಟಿಯ ತೋಳಿಗೂ, ಯಾವ ಹಗ್ಗಕ್ಕೂ ಅದು ಸಾಧ್ಯವಿಲ್ಲ. ಚಪ್ಪಟೆಯಾಗಿ ಬಿಗಿದ ಹಾಳೆಯ ವಿಷಯವೂ ಹೀಗೆಯೇ. ಅದರ ಮೇಲೆ ಮೊದಲ ಸೇರು ನೀರು ನಿಂತ ಕ್ಷಣದಿಂದ ಅದು ಬೋಗುಣಿ.

ಆಮೇಲೆ ನಡೆಯುವುದು ಸ್ವಾರಸ್ಯವಾಗಿದೆ, ಅಪಾಯಕರವೂ ಆಗಿದೆ. ಒಂದು ಚದರ ಮೀಟರಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರು, ಎಂದರೆ 1 ಕಿಲೋಗ್ರಾಂ. ಈ ಸುಲಭ ಲೆಕ್ಕವನ್ನು ವಿದ್ಯಾರ್ಥಿಗಳು ಕಂಠಪಾಠ ಮಾಡಿಕೊಳ್ಳುವುದು ಒಳ್ಳೆಯದು. 4 ಮೀಟರ್ ಉದ್ದ 3 ಮೀಟರ್ ಅಗಲದ ಹಾಳೆಯ ವಿಸ್ತೀರ್ಣ 12 ಚದರ ಮೀಟರ್. ಗಂಟೆಗೆ 30 ಮಿಲಿಮೀಟರ್ ವೇಗದ ಜೋರು ಮಳೆಯಲ್ಲಿ ಅದರ ಮೇಲೆ ಪ್ರತಿ ನಿಮಿಷ 6 ಲೀಟರ್ ನೀರು ಬೀಳುವುದು. ನಡುವಿನಲ್ಲಿ 1 ಮೀಟರ್ ಅಗಲ, 10 ಸೆಂಟಿಮೀಟರ್ ಆಳದ ಹಳ್ಳ ಬಿದ್ದರೆ ಅದರಲ್ಲಿ ಹಿಡಿಯುವ ನೀರು ಸುಮಾರು 39 ಲೀಟರ್. ಏಳು ನಿಮಿಷದೊಳಗೆ ಅದು ತುಂಬಿತು. ತುಂಬಿದ ಹಳ್ಳ ಭಾರದಿಂದ ಇನ್ನಷ್ಟು ಜಗ್ಗುವುದು, ಜಗ್ಗಿದ್ದರಿಂದ ಇನ್ನಷ್ಟು ದೂರದ ನೀರು ಅಲ್ಲಿಗೇ ಹರಿದುಬರುವುದು, ಬಂದ ನೀರು ಮತ್ತೆ ಜಗ್ಗಿಸುವುದು. ಹಳ್ಳದ ಅಗಲವೂ ಆಳವೂ ಇಮ್ಮಡಿಯಾದಾಗ ನೀರು ಎಂಟುಮಡಿ: 314 ಕಿಲೋಗ್ರಾಂ. ನಾಲ್ಕೈದು ಮಂದಿಯ ತೂಕ, ಮಲಗಿದವರ ಎದೆಯ ಮೇಲ್ಗಡೆ ತೂಗಾಡುತ್ತಿರುವುದು! ನಡುರಾತ್ರಿ ಎದ್ದು ಕೋಲಿನಿಂದ ಹಾಳೆಯ ಹೊಟ್ಟೆಯನ್ನು ಎತ್ತಿ ನೀರು ಚೆಲ್ಲುವ ದೃಶ್ಯ ನಮ್ಮಲ್ಲಿ ಯಾರಿಗೆ ಹೊಸದು? ಹಾಗೆ ಎತ್ತುವ ಕೋಲಿನ ಮೊನೆಯೇ ಎಷ್ಟೋ ಸಲ ಹಾಳೆಯನ್ನು ತೂತುಮಾಡುವುದು. ದಪ್ಪ ಹಾಳೆಯಾದರೆ ತೂತು ತಡವಾಗುವುದು, ಕಂಬ ಮೊದಲು ಬೀಳುವುದು.

ಮೇಲೆ ಹೇಳಿದ 131.6 ಮಿಲಿಮೀಟರ್ ಮಳೆಯನ್ನು ಇದೇ ಹಾಳೆಯ ಮೇಲೆ ಲೆಕ್ಕಹಾಕಿದರೆ 1,579 ಲೀಟರ್ ಆಗುವುದು. ಒಂದೂವರೆ ಟನ್ನಿಗೂ ಹೆಚ್ಚು ಭಾರ. ಅಷ್ಟನ್ನು ತಡೆದು ಹಿಡಿಯುವೆನೆಂದು ಹೊರಡುವುದೇ ತಪ್ಪು. ಬಿದ್ದ ನೀರನ್ನು ಬಿದ್ದ ಕ್ಷಣದಲ್ಲೇ ಪಕ್ಕಕ್ಕೆ ಕಳುಹಿಸಿಕೊಡುವುದಷ್ಟೇ ಹಾಳೆಗೆ ಒಪ್ಪಿಸಬಹುದಾದ ಕೆಲಸ. ಅದಕ್ಕೆ ಬೇಕಾದ ಬಲವನ್ನು ಗುರುತ್ವವು ಬಿಟ್ಟಿಯಾಗಿಯೇ ಕೊಡುವುದು.

ಇಳಿಜಾರಿನ ಎರಡನೆಯ ಉಪಕಾರ ಇಷ್ಟು ಪ್ರಸಿದ್ಧವಾದುದಲ್ಲ. ಅದನ್ನು ತಿಳಿಯಬೇಕಾದರೆ ಮಳೆಹನಿಯ ವೇಗವನ್ನು ಅರಿಯಬೇಕು. ಗಾಳಿಯೇ ಇಲ್ಲದಿದ್ದರೆ 1 ಕಿಲೋಮೀಟರ್ ಎತ್ತರದಿಂದ ಬಿದ್ದ ಹನಿ ಸೆಕೆಂಡಿಗೆ 140 ಮೀಟರ್ ವೇಗದಲ್ಲಿ ನೆಲ ಮುಟ್ಟುತ್ತಿತ್ತು. ನಾವು ಯಾರೂ ಉಳಿಯುತ್ತಿರಲಿಲ್ಲವೋ ಏನೋ. ಗಾಳಿಯ ತಡೆಯಿಂದಾಗಿ ಹನಿ ಬೇಗನೆ ಒಂದು ಸ್ಥಿರವೇಗಕ್ಕೆ ಬಂದು ನಿಲ್ಲುವುದು. 1949ರಲ್ಲಿ ಅಮೆರಿಕದ ಗನ್ ಮತ್ತು ಕಿಂಝರ್ ಎಂಬ ಇಬ್ಬರು ವಿಜ್ಞಾನಿಗಳು ಈ ವೇಗಗಳನ್ನು ಅಳೆದು ಪ್ರಕಟಿಸಿದರು. 1 ಮಿಲಿಮೀಟರ್ ವ್ಯಾಸದ ಹನಿಗೆ ಸೆಕೆಂಡಿಗೆ 4 ಮೀಟರ್. 2 ಮಿಲಿಮೀಟರಿನದಕ್ಕೆ ಆರೂವರೆ. 5 ಮಿಲಿಮೀಟರಿನ ದಪ್ಪ ಹನಿಗೆ 9 ಮೀಟರ್. ಸೆಕೆಂಡಿಗೆ 9 ಮೀಟರ್ ವೇಗದ ನೀರು ಅಡ್ಡ ಬಂದ ಬಟ್ಟೆಯ ಮೇಲೆ ಹಾಕುವ ಒತ್ತಡ, 4 ಮೀಟರ್ ಎತ್ತರದ ನೀರಿನ ಕಂಬದ ಒತ್ತಡಕ್ಕೆ ಸಮ. ಅದು ಕ್ಷಣಮಾತ್ರದ್ದು, ನಿಜ. ಆದರೆ ಬಟ್ಟೆಯ ನೂಲುಗಳ ಸಂದಿಗೆ ಅಷ್ಟೇ ಸಾಕು.

ಆ ಸಂದಿಗಳನ್ನು ಕಾಯುವುದು ನೀರಿನ ಮೇಲ್ಮೈ ಎಳೆತ. ಮೇಣ ಹಚ್ಚಿದ ದಪ್ಪ ನೂಲುಬಟ್ಟೆಯಲ್ಲಿ, ಎಂದರೆ ಹಳೆಯ ಕಾಲದ ಡೇರೆಯ ಕ್ಯಾನ್ವಾಸಿನಲ್ಲಿ, ರಂಧ್ರಗಳು ಇದ್ದೇ ಇರುವವು. 0.1 ಮಿಲಿಮೀಟರ್ ತ್ರಿಜ್ಯದ ರಂಧ್ರದ ಬಾಯಲ್ಲಿ ನೀರಿನ ಮೈ ಉಬ್ಬಿ ನಿಂತು, ಹೆಚ್ಚೆಂದರೆ 15 ಸೆಂಟಿಮೀಟರ್ ಆಳದ ನೀರನ್ನು ತಡೆಯಬಲ್ಲದು. ನಿಂತ ನೀರನ್ನು ಅದು ತಡೆದೀತು. 4 ಮೀಟರ್ ಕಂಬದಷ್ಟು ಒತ್ತಡದಿಂದ ಅಪ್ಪಳಿಸುವ ದಪ್ಪ ಹನಿಯನ್ನು ತಡೆಯಲಾರದು. ಆದುದರಿಂದಲೇ ಬಿರುಮಳೆಯಲ್ಲಿ ಒಳ್ಳೆಯ ಕೊಡೆಯ ಒಳಗೂ ಸಣ್ಣ ತುಂತುರು ಬೀಳುವುದುಂಟು. ಇಲ್ಲಿ ಬಟ್ಟೆಯನ್ನು ಓರೆಯಾಗಿಟ್ಟರೆ ಏನಾಗುವುದು? ಹನಿಯ ವೇಗದಲ್ಲಿ ಬಟ್ಟೆಗೆ ಲಂಬವಾದ ಘಟಕ ಮಾತ್ರ ಒಳನುಗ್ಗಲು ಯತ್ನಿಸುವುದು, ಉಳಿದುದು ಜಾರಿಹೋಗುವುದು. ಒತ್ತಡವು ವೇಗದ ವರ್ಗಕ್ಕೆ ಅನುಗುಣವಾದ್ದರಿಂದ, 45 ಡಿಗ್ರಿ ಓರೆಯಲ್ಲಿ ಅದು ಅರ್ಧಕ್ಕಿಳಿಯುವುದು, 60 ಡಿಗ್ರಿಯಲ್ಲಿ ಕಾಲುಭಾಗಕ್ಕೆ.

ಈ ಮಾತಿಗೆ ಪ್ರಯೋಗಶಾಲೆಯ ಸಾಕ್ಷಿಯೇ ಬೇಕೆಂದಿಲ್ಲ. ಮಳೆಯಲ್ಲಿ ದನ ಹೊಡೆದುಕೊಂಡು ಬರುವ ರೈತನ ತಲೆಯ ಮೇಲಿನ ಗೋಣಿಚೀಲದ ಕೊಪ್ಪೆಯನ್ನು ನೋಡಿರಿ. ಗೋಣಿಯಷ್ಟು ಸಂದುಗಳಿರುವ ಬಟ್ಟೆ ಇನ್ನೊಂದಿಲ್ಲ. ಅದನ್ನು ಚಪ್ಪಟೆಯಾಗಿ ಹಿಡಿದರೆ ಜರಡಿ. ಚೀಲದ ಒಂದು ಮೂಲೆಯನ್ನು ಇನ್ನೊಂದರೊಳಕ್ಕೆ ತೂರಿಸಿ ಶಿಖರದಂತೆ ತಲೆಗೆ ಹಾಕಿಕೊಂಡರೆ ಅದೇ ಗೋಣಿಯ ಕೆಳಗೆ ತಲೆಯೂ ಬೆನ್ನೂ ಬಹಳ ಹೊತ್ತು ಒದ್ದೆಯಾಗುವುದಿಲ್ಲ. ಒದ್ದೆಯಾದ ನಾರು ಉಬ್ಬುವುದು, ನೀರು ನಾರನ್ನೇ ಹಿಡಿದು ಕೆಳಗಿಳಿದು ಅಂಚಿನಲ್ಲಿ ತೊಟ್ಟಿಕ್ಕುವುದು. ಕುರುಬರ ಕಂಬಳಿ ಕೊಪ್ಪೆಯೂ, ಮಲೆನಾಡಿನಲ್ಲಿ ಗದ್ದೆ ನೆಡುವ ಹೆಂಗಸರ ಗೊರಬೂ ಇದೇ ತತ್ತ್ವದ ರೂಪಗಳು. ಹುಲ್ಲಿನ ಮಾಡು ಮತ್ತೇನು? ಸಾವಿರ ಸಂದುಗಳ ರಾಶಿ. ಆದರೂ ಓರೆಯ ಬಲದಿಂದ ಮೇಲಿನ ಕೆಲವು ಅಂಗುಲ ಮಾತ್ರ ನೆನೆದು ಒಳಗು ಒಣಗಿರುವುದು. ಸೋರುವ ಬಟ್ಟೆಯಿಂದ ಸೋರದ ಮರೆಯನ್ನು ಮಾಡಿಕೊಂಡವರ ಮಕ್ಕಳು ನಾವು. ಸೋರದ ಹಾಳೆಯನ್ನು ಕೊಂಡುತಂದು ಸೋರುವ ಮರೆಯನ್ನು ಮಾಡುತ್ತಿದ್ದೇವೆ.

ಈಗಿನ ಹಾಳೆಗೆ ರಂಧ್ರಗಳಿಲ್ಲವಷ್ಟೆ. ಹಿಂದೆ ಹಡಗಿನವರು ಟಾರು ಬಳಿದ ಹಾಯಿಬಟ್ಟೆಯನ್ನು ಸರಕಿನ ಮೇಲೆ ಹೊದಿಸುತ್ತಿದ್ದುದರಿಂದ ಟಾರ್ಪಾಲಿನ್ ಎಂಬ ಹೆಸರು ಬಂದಿತು. ಈಗ ಪೇಟೆಯಲ್ಲಿ ದೊರೆಯುವುದು ಪಾಲಿಥೀನ್ ಪಟ್ಟಿಗಳನ್ನು ನೇಯ್ದು ಎರಡು ಕಡೆಯೂ ಅದೇ ವಸ್ತುವಿನ ಪೊರೆಯನ್ನು ಅಂಟಿಸಿದ ಹಾಳೆ. ಪಾಲಿಥೀನ್ 1933ರಲ್ಲಿ ಇಂಗ್ಲೆಂಡಿನ ಒಂದು ಪ್ರಯೋಗಶಾಲೆಯಲ್ಲಿ ಫಾಸೆಟ್ ಮತ್ತು ಗಿಬ್ಸನ್ ಎಂಬವರ ಕೈಗೆ ಆಕಸ್ಮಿಕವಾಗಿ ಸಿಕ್ಕಿದ ವಸ್ತು. ನೀರು ಅದನ್ನು ಹೊಕ್ಕು ಬರಲಾರದು. ಹಾಗಾದರೆ ಹಾಳೆ ಸೋರುವುದೆಲ್ಲಿ? ಹಗ್ಗ ಪೋಣಿಸುವ ಕಣ್ಣುಗಳಲ್ಲಿ, ಹೊಲಿಗೆಯಲ್ಲಿ, ಬಿಸಿಲಿನ ಅತಿನೇರಳೆ ಕಿರಣಗಳಿಂದ ಬಡವಾಗಿ ಮಡಿಕೆಯ ಜಾಗದಲ್ಲಿ ಬಿರಿದ ಗೆರೆಗಳಲ್ಲಿ. ಹಾಳೆ ಇಳಿಜಾರಾಗಿದ್ದರೆ ಈ ತೂತುಗಳ ಮೇಲೆ ನೀರು ಹಾದುಹೋಗುವುದೇ ಹೊರತು ನಿಲ್ಲದು. ಕಣ್ಣು ಕಿತ್ತುಹೋದ ಹಾಳೆಯನ್ನು ಎಸೆಯಬೇಕಾಗಿಲ್ಲ. ಮೂಲೆಯಲ್ಲಿ ನುಣುಪಾದ ಒಂದು ಕಲ್ಲನ್ನಿಟ್ಟು, ಹಾಳೆಯನ್ನು ಅದರ ಸುತ್ತ ಮಡಿಸಿ, ಕತ್ತಿನಲ್ಲಿ ಹುರಿಯಿಂದ ಬಿಗಿದು ಕಟ್ಟಿದರೆ ಕಣ್ಣಿಗಿಂತ ಗಟ್ಟಿಯಾದ ಹಿಡಿತ ಸಿಗುವುದು; ಎಳೆತ ಒಂದು ಸಣ್ಣ ತೂತಿನ ಅಂಚಿನ ಮೇಲೆ ಬೀಳದೆ ಕಲ್ಲಿನ ಸುತ್ತ ಹಂಚಿಹೋಗುವುದೇ ಇದಕ್ಕೆ ಕಾರಣ.

ಮೇಲಿನಿಂದ ಬಾರದ ನೀರೂ ಉಂಟು. ಮಲಗಿದವರ ಉಸಿರಿನ ಆವಿ ತಣ್ಣನೆಯ ಹಾಳೆಯ ಒಳಮೈಯಲ್ಲಿ ಹನಿಗಟ್ಟುವುದು. ಬೆಳಗಿನ ಜಾವ ಮುಖದ ಮೇಲೆ ಹನಿ ಬಿದ್ದವರು ಹಾಳೆ ಸೋರುತ್ತಿದೆಯೆಂದು ಅದನ್ನು ಶಪಿಸುವರು. ಹಾಳೆ ಸಾಕಷ್ಟು ಓರೆಯಾಗಿದ್ದರೆ ಆ ಹನಿಗಳು ಒಳಮೈಯನ್ನೇ ಹಿಡಿದು ಅಂಚಿಗೆ ಜಾರುವವು. ಎರಡು ತುದಿಗಳೂ ತೆರೆದಿದ್ದರೆ ಹನಿಗಟ್ಟುವುದೇ ಕಡಿಮೆ. ಇನ್ನೊಂದು ಕಳ್ಳದಾರಿ ಹಗ್ಗ. ಕಂಬದಿಂದ ಹಾಳೆಯ ಕಡೆಗೆ ತಗ್ಗಾಗಿ ಬರುವ ಹಗ್ಗವನ್ನು ಹಿಡಿದು ನೀರು ನೇರವಾಗಿ ಒಳಗೆ ನಡೆದುಬರುವುದು. ಪಾತ್ರೆಯಿಂದ ಹಾಲನ್ನು ನಿಧಾನವಾಗಿ ಬಗ್ಗಿಸಿದಾಗ ಅದು ಕೆಳಗೆ ಬೀಳದೆ ಪಾತ್ರೆಯ ಹೊರಮೈಯನ್ನೇ ಹಿಡಿದು ಹರಿಯುವುದಿಲ್ಲವೆ? ಹಾಗೆಯೇ. ಹಾಳೆಯ ಅಂಚಿನಿಂದ ಒಂದು ಗೇಣು ಹೊರಗೆ ಹಗ್ಗಕ್ಕೆ ಒಂದು ಚಿಂದಿಯನ್ನು ಕಟ್ಟಿ ನೇತುಬಿಡಿರಿ. ನೀರು ಚಿಂದಿಯ ದಾರಿ ಹಿಡಿದು ಅಲ್ಲೇ ತೊಟ್ಟಿಕ್ಕುವುದು. ಕಾಸಿನ ಖರ್ಚಿಲ್ಲದ ಈ ಉಪಾಯವನ್ನು ತೋರಿಸಿದಾಗ ವಿದ್ಯಾರ್ಥಿಗಳ ಮುಖದಲ್ಲಿ ಕಾಣುವ ಆಶ್ಚರ್ಯ ನಮಗೆ ಯಾವ ದುಬಾರಿ ಉಪಕರಣದ ಪ್ರದರ್ಶನದಲ್ಲೂ ಕಂಡಿಲ್ಲ.

ಎಷ್ಟು ಇಳಿಜಾರು ಬೇಕು? ಇಲ್ಲಿ ನಮ್ಮ ವಿರೋಧಿಗಳ ಮಾತಿಗೂ ಬೆಲೆಯುಂಟು. ಓರೆ ಹೆಚ್ಚಿದಷ್ಟೂ ಮುಚ್ಚುವ ನೆಲ ಕಡಿಮೆಯಾಗುವುದು. ಮೇಲೆ ಹೇಳಿದ ಹಾಳೆಯ ನಡುವಿನಲ್ಲಿ, 3 ಮೀಟರ್ ಅಗಲಕ್ಕೆ ಸರಿಯಾಗಿ ಒಂದು ಹಗ್ಗವನ್ನೋ ಬಿದಿರನ್ನೋ ಹಾಯಿಸಿ, ಎರಡು ಕಡೆಗೂ 2 ಮೀಟರ್ ಇಳಿಬಿಟ್ಟೆವೆನ್ನೋಣ. 30 ಡಿಗ್ರಿ ಓರೆಯಲ್ಲಿ 4 ಮೀಟರಿಗೆ ಬದಲಾಗಿ ಸುಮಾರು 3.46 ಮೀಟರ್ ನೆಲ ಸಿಕ್ಕುವುದು. ಬೆನ್ನು ಅಂಚಿಗಿಂತ 1 ಮೀಟರ್ ಎತ್ತರ. 45 ಡಿಗ್ರಿಯಲ್ಲಿ ನೆಲ 2.83 ಮೀಟರಿಗೆ ಇಳಿಯುವುದು. ಹತ್ತು ಜನ ಮಲಗಬೇಕಾದಲ್ಲಿ ಇದು ಸಣ್ಣ ನಷ್ಟವಲ್ಲ. ನುಣುಪಾದ ಪ್ಲಾಸ್ಟಿಕ್ ಹಾಳೆಗೆ 30 ಡಿಗ್ರಿ ಸಾಕೆಂದೂ, ಬಟ್ಟೆಗೂ ಹುಲ್ಲಿಗೂ 45 ಬೇಕೆಂದೂ ನಮ್ಮ ಎಣಿಕೆ. ಅರ್ಧ ಮೀಟರ್ ನೆಲವನ್ನು ಕಳೆದುಕೊಂಡು ಉಳಿದುದನ್ನು ಒಣಗಿಸಿಕೊಳ್ಳುವುದು, ಪೂರ್ತಿ ನೆಲವನ್ನು ಇಟ್ಟುಕೊಂಡು ಅದೆಲ್ಲವನ್ನೂ ಒದ್ದೆಮಾಡಿಕೊಳ್ಳುವುದಕ್ಕಿಂತ ಲೇಸೆಂಬುದರಲ್ಲಿ ನಮಗೆ ಸಂಶಯವಿಲ್ಲ. ಬೆನ್ನಿನ ಹಗ್ಗ ಜಗ್ಗುವುದೆಂಬ ಭಯವಿದ್ದರೆ ನಡುವೆ ಒಂದು ಕಂಬ ಕೊಡಿರಿ. ಕಂಬದ ತುದಿಗೆ ಹಳೆಯ ಬಟ್ಟೆ ಸುತ್ತಿರಿ.

ಹಗ್ಗದ ಗುಣವನ್ನೂ ಅರಿತಿರಬೇಕು. ಹತ್ತಿ, ಸೆಣಬಿನ ಹಗ್ಗಗಳು ನೆನೆದಾಗ ನಾರು ಉಬ್ಬಿ ಹುರಿ ಬಿಗಿಯುವುದರಿಂದ ಮೋಟಾಗುವವು. ಹಿಂದೆ ಡೇರೆಯವರು ಮಳೆ ಬರುವ ಮುನ್ನ ಹಗ್ಗಗಳನ್ನು ಸಡಿಲಿಸುತ್ತಿದ್ದುದು ಇದರಿಂದಲೇ, ಇಲ್ಲವಾದರೆ ಗೂಟಗಳು ಕಿತ್ತುಬರುತ್ತಿದ್ದವು. ನೈಲಾನ್ ಹಗ್ಗದ ರೀತಿ ತದ್ವಿರುದ್ಧ. ಅದು ನೆನೆದರೆ ಸ್ವಲ್ಪ ಉದ್ದವಾಗುವುದು. ಆದುದರಿಂದ ಮಳೆ ಹಿಡಿದು ಅರ್ಧ ಗಂಟೆಗೆ ಒಮ್ಮೆ ಹೊರಬಂದು ಬಿಗಿಯಬೇಕು. ಅಜ್ಜನ ಉಪದೇಶವೂ ಮೊಮ್ಮಗನ ಅನುಭವವೂ ಬೇರೆಬೇರೆಯಾಗಿದ್ದರೆ ಇಬ್ಬರೂ ಸುಳ್ಳರಲ್ಲ, ಹಗ್ಗ ಬದಲಾಗಿದೆ.

ಗಾಳಿಯ ವಿಚಾರವನ್ನು ಚುಟುಕಾಗಿ ಹೇಳುವೆವು. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ತನಗೆ ಅಡ್ಡವಾದ ಪ್ರತಿ ಚದರ ಮೀಟರಿನ ಮೇಲೆ ಸುಮಾರು 6 ಕಿಲೋಗ್ರಾಂ ತೂಕದಷ್ಟು ಒತ್ತುವುದು. ವೇಗ ಇಮ್ಮಡಿಯಾದರೆ ಒತ್ತು ನಾಲ್ಮಡಿ. ಆದುದರಿಂದ ಗಾಳಿ ಬರುವ ಕಡೆಯ ಅಂಚು ನೆಲಕ್ಕೆ ಹತ್ತಿರವಿರಬೇಕು, ತೆರೆದ ಬಾಯಿ ಆ ಕಡೆಗೆ ಇರಬಾರದು. ನಮ್ಮ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಅದು ಪಶ್ಚಿಮ, ನೈಋತ್ಯದ ಕಡೆ. ನವೆಂಬರಿನಲ್ಲಿ ಪೂರ್ವ, ಈಶಾನ್ಯದ ಕಡೆ. ಜುಲೈಯಲ್ಲಿ ಚೆನ್ನಾಗಿ ನಿಂತಿದ್ದ ಮರೆಯನ್ನು ನವೆಂಬರಿನಲ್ಲಿ ತಿರುಗಿಸಿ ಕಟ್ಟಬೇಕಾಗುವುದನ್ನು ಬಹಳ ಜನ ಮರೆಯುತ್ತಾರೆ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ಗಾಳಿಗೆ ದಿಕ್ಕಿನ ನೇಮವಿಲ್ಲ. ಅದರ ಜೊತೆಗೆ ಸಿಡಿಲೂ ಉಂಟು. ಒಂಟಿ ಮರದ ಕೆಳಗೆ ಹಾಳೆ ಕಟ್ಟಲೇಬಾರದು. ಗುಡುಗು ಕೇಳಿಸಿದರೆ ಹಾಳೆಯನ್ನು ಅದರ ಪಾಡಿಗೆ ಬಿಟ್ಟು ಭದ್ರವಾದ ಕಟ್ಟಡವನ್ನು ಸೇರತಕ್ಕದ್ದು. ಯಾವ ಕೋನದಲ್ಲಿ ಕಟ್ಟಿದ ಹಾಳೆಯೂ ಸಿಡಿಲನ್ನು ತಡೆಯದು.

ರಾಗಿಯ ಮಾತಿಗೆ ಬರೋಣ. ಈ ಹೋಬಳಿಯಂಥ ಕಡೆಗಳಲ್ಲಿ ಹಾಳೆಯ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿ. ರಾಗಿಯ ಕೊಯ್ಲು ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳ ಕಾಲವೂ ಅದೇ. 2021ರ ನವೆಂಬರಿನಲ್ಲಿ ದಕ್ಷಿಣ ಒಳನಾಡಿನಲ್ಲೆಲ್ಲ ಬಿಡದೆ ಸುರಿದ ಮಳೆ ಕೊಯ್ಲಿಗೆ ಬಂದ ರಾಗಿಯನ್ನು ನೆಲಕ್ಕೊರಗಿಸಿತು. ತೆನೆಯಲ್ಲಿಯೇ ಕಾಳು ಮೊಳೆತುವು. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ಕರಾವಳಿಯನ್ನು ದಾಟಿದ ಫೆಂಗಲ್ ಚಂಡಮಾರುತದ ಮಳೆಯೂ ಡಿಸೆಂಬರಿನ ಮೊದಲ ದಿನಗಳಲ್ಲಿ ಇತ್ತ ಕಡೆ ಬಂದಿತು. ಹೊಲದಲ್ಲಿ ನಿಂತ ಪೈರನ್ನು ಯಾವ ಹಾಳೆಯೂ ಉಳಿಸದು. ಕೊಯ್ದು ಒಟ್ಟಿದುದನ್ನು ಉಳಿಸಬಹುದು. ತೆನೆ ಒಳಕ್ಕೆ, ಬುಡ ಹೊರಕ್ಕೆ ಬರುವಂತೆ ಒಟ್ಟಿ ತಲೆಯನ್ನು ಗೋಪುರದಂತೆ ಇಳಿಸಿದ ಮೆದೆ ತಾನೇ ಒಂದು ಮಾಡು. ಒಟ್ಟುವುದನ್ನು ಬಲ್ಲ ಹಿರಿಯರು ಅದರ ಮೇಲೆ ಹಾಳೆಯನ್ನು ಬಯಸುವುದೇ ಇಲ್ಲ. ಈಗ ಕೈಗಳು ಕಡಿಮೆ, ಅವಸರ ಹೆಚ್ಚು. ಅಡ್ಡಾದಿಡ್ಡಿ ರಾಶಿಹಾಕಿ ಮೇಲೆ ಹಾಳೆ ಹೊದಿಸಿ ಸುತ್ತಲೂ ಕಲ್ಲು ಹೇರಿಬಿಡುವರು. ಹಸಿ ಹುಲ್ಲಿನ ಬೆವರು ಹಾಳೆಯ ಒಳಮೈಗೆ ತಾಗಿ ನೀರಾಗಿ ಮತ್ತೆ ತೆನೆಯ ಮೇಲೆಯೇ ಬೀಳುವುದು. ಹೊರಗಿನ ಮಳೆಯಿಂದ ತಪ್ಪಿಸಿದ ರಾಗಿಯನ್ನು ಒಳಗಿನ ಮಳೆ ಬೂಷ್ಟು ಹಿಡಿಸುವುದು. ಎರಡು ಕವೆಗೋಲುಗಳನ್ನು ನೆಟ್ಟು, ಅವುಗಳ ಮೇಲೆ ಒಂದು ಗಳು ಹಾಯಿಸಿ, ಹಾಳೆ ರಾಶಿಯಿಂದ ಒಂದು ಮೊಳ ಮೇಲೆ ಓರೆಯಾಗಿ ನಿಲ್ಲುವಂತೆ ಮಾಡಿದರೆ ಗಾಳಿಯಾಡುವುದು, ಎರಡು ಮಳೆಯೂ ತಪ್ಪುವುದು. ರಾಶಿಯ ಮೇಲ್ಗಡೆಯ ನೆಲದಲ್ಲಿ ಒಂದು ಕಿರುಗಾಲುವೆ ತೆಗೆಯುವುದನ್ನು ಮರೆಯಬಾರದು. ಮೇಲಿನಿಂದ ಬಂದ ನೀರಿಗಿಂತ ಪಕ್ಕದಿಂದ ಬಂದ ನೀರಿನಿಂದ ಕೆಟ್ಟ ರಾಗಿಯೇ ಹೆಚ್ಚಿರಬಹುದು.

ಇಷ್ಟೆಲ್ಲ ಹಳ್ಳಿಗನಿಗೂ ಶಾಮಿಯಾನದವನಿಗೂ ಸೇರಿದ ಕೆಲಸ, ಕಾಲೇಜಿಗೆ ಏಕೆ ಎಂಬ ಪ್ರಶ್ನೆಯನ್ನು ನಮ್ಮ ಸಹೋದ್ಯೋಗಿಗಳೇ ಎತ್ತಿರುವುದುಂಟು. ನಮ್ಮ ಉತ್ತರ ಹೀಗಿದೆ. ಪದವಿಪೂರ್ವ ತರಗತಿಯ ಪ್ರಯೋಗಶಾಲೆಯಲ್ಲಿ ಹುಡುಗರು ಬಲಗಳ ಸಮಾಂತರ ಚತುರ್ಭುಜ ನಿಯಮವನ್ನು ರಾಟೆ, ದಾರ, ತೂಕದ ಬಟ್ಟುಗಳಿಂದ ತಾಳೆನೋಡುತ್ತಾರೆ. ಕಿರುನಳಿಕೆಯಲ್ಲಿ ನೀರೇರುವುದನ್ನು ಅಳೆದು ಮೇಲ್ಮೈ ಎಳೆತವನ್ನು ಕಂಡುಹಿಡಿಯುತ್ತಾರೆ. ಪುಸ್ತಕದ ಅಂಕಿ ಬಂದರೆ ಅಂಕ ಸಿಕ್ಕಿತು. ಅದೇ ಹುಡುಗರು ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ಶಿಬಿರಕ್ಕೆ ಹಳ್ಳಿಗೆ ಬಂದಾಗ ಹಾಳೆಯನ್ನು ಚಪ್ಪಟೆಯಾಗಿ ಕಟ್ಟುತ್ತಾರೆ. ದಾರದಲ್ಲಿ ಕಲಿತ ನಿಯಮ ಹಗ್ಗಕ್ಕೂ ಅನ್ವಯಿಸುವುದೆಂದು ಅವರಿಗೆ ಯಾರೂ ಹೇಳಿಲ್ಲ. ತಪ್ಪು ಅವರದೆಂದು ನಾವು ಎಣಿಸುವುದಿಲ್ಲ; ಬೋಧಿಸುವ ನಮ್ಮ ವರ್ಗದ್ದು.

ಇದನ್ನು ತಿದ್ದಲು ಹೊಸ ಪಠ್ಯಕ್ರಮ ಬೇಕಿಲ್ಲ, ಹಣವೂ ಬೇಕಿಲ್ಲ. ಪ್ರಯೋಗಶಾಲೆಯ ಪಕ್ಕದ ಬಯಲು, ಎರಡು ಬಿದಿರು, ಆರು ಗೂಟ, ಒಂದು ಹಳೆಯ ಹಾಳೆ, ಎಲ್ಲ ಶಾಲೆಗಳಲ್ಲೂ ಇರುವ ಸ್ಪ್ರಿಂಗ್ ತಕ್ಕಡಿ, ಒಂದು ಕೋನಮಾಪಕ, ಅದಕ್ಕೊಂದು ದಾರ ಮತ್ತು ಕಲ್ಲು. ನಾಲ್ಕು ನಾಲ್ಕು ಮಂದಿಯ ತಂಡಗಳಾಗಿ ಹಾಳೆಯನ್ನು 10, 20, 30 ಡಿಗ್ರಿಗಳಲ್ಲಿ ಕಟ್ಟಲಿ. ಹಗ್ಗದ ನಡುವೆ ತಕ್ಕಡಿಯನ್ನು ಸೇರಿಸಿ ಎಳೆತವನ್ನು ಓದಿ, ತಾವು ಲೆಕ್ಕಹಾಕಿದ್ದಕ್ಕೆ ಹೋಲಿಸಲಿ. ಆಮೇಲೆ ಪ್ರತಿ ಹಾಳೆಯ ಮೇಲೂ ತೋಟದ ಪೂಸುಬುಟ್ಟಿಯಿಂದ ಐದು ಕೊಡ ನೀರು ಸುರಿಯಲಿ. ಒಳಗೆ ನೆಲದ ಮೇಲೆ ಹಳೆಯ ವೃತ್ತಪತ್ರಿಕೆಗಳನ್ನು ಹಾಸಿರಬೇಕು. ಬಿದ್ದ ಪ್ರತಿ ಹನಿಯೂ ಅದರ ಮೇಲೆ ದುಂಡನೆಯ ಕಲೆಯಾಗಿ ಕಾಣುವುದು. ಕಲೆಗಳನ್ನು ಎಣಿಸಿ ಅಂಕ ಕೊಟ್ಟರಾಯಿತು.